ಒಂದು ಗೇಣು ದೂರದ ದನಿ

ಒಣಮೆಣಸಿನ ಘಾಟು, ಒಣಮೀನಿನ ವಾಸನೆ, ಇವೆರಡರ ನಡುವೆ ತೆಂಗಿನಕಾಯಿ ಹಾಲಿನಲ್ಲಿ ಕಲಸಿದ ಮೈದಾಹಿಟ್ಟು ಎಣ್ಣೆಗೆ ಬಿದ್ದ ಪರಿಮಳ. ಮೂರೂ ಒಂದೇ ಕಿಟಕಿಯಿಂದ ಒಳಗೆ ಬಂದರೆ ಊರು ಮಂಗಳೂರಿನ ಬಂದರು, ತಿಂಗಳು ಡಿಸೆಂಬರ್ ಎಂದು ತಿಳಿಯಿರಿ.

ಮದುವೆಯಾಗಿ 1976ರಲ್ಲಿ ನಾನು ಕಾಲಿಟ್ಟದ್ದು ಅಂಥದೊಂದು ಮನೆಗೆ. ಕೆಳಗೆ ಸಾಹೇಬರ ಮೆಣಸಿನ ಗೋದಾಮು, ಮಾಳಿಗೆಯಲ್ಲಿ ನಾವು, ಗೋಡೆಯಾಚೆ ಬಾಯಮ್ಮ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗಲ್ಲವೇ? ಅವರ ಮನೆಯಲ್ಲಿ ಕ್ರಿಸ್ಮಸ್ಸಿನ ಕುಸ್ವಾರ್ ತಯಾರಿಗೆ ನಾನೂ ಹೋಗಿ ಕೂರುತ್ತಿದ್ದೆ. ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಉಂಡೆಯನ್ನು ಒತ್ತಿ ಹೊಸೆದರೆ ಗೀರುಗೀರಾದ ಕಿಡಿಯೊ ಆಗುತ್ತದೆ. ಕೈಗೆ ಕೆಲಸ, ಕಿವಿಗೆ ಹಾಡು. ಹಾಡೆಂದರೆ ಪ್ರತಿವರ್ಷ ಅದೇ ಒಬ್ಬನದು, ಅದೇ ಒಂದು ತಟ್ಟೆ: ಅಮೆರಿಕದ ಜಿಮ್ ರೀವ್ಸ್ ಹಾಡಿದ, 1963ರಲ್ಲಿ ಆರ್.ಸಿ.ಎ. ವಿಕ್ಟರ್ ಕಂಪೆನಿ ಹೊರತಂದ ‘ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್ಮಸ್’. ಹೆಸರೇ ಹೇಳುವಂತೆ ಹನ್ನೆರಡು ಹಾಡು, ಆ ಬದಿಗೆ ಆರು, ಈ ಬದಿಗೆ ಆರು. ಒಂದು ಬದಿ ಮುಗಿಯುವಷ್ಟರಲ್ಲಿ ಒಂದು ಗೆರಸೆ ಕಿಡಿಯೊ ತುಂಬಬೇಕು ಎಂಬುದು ಬಾಯಮ್ಮನ ಲೆಕ್ಕ. ಗಡಿಯಾರ ನೋಡಿದ್ದೇ ಇಲ್ಲ.

ನನ್ನದು ಕನ್ನಡ ಶಾಲೆಯ ಎಸ್ಸೆಸ್ಸೆಲ್ಸಿ ಇಂಗ್ಲಿಷು. ಸಿನಿಮಾದ ಇಂಗ್ಲಿಷು ತಲೆಯ ಮೇಲೆ ಹಾರಿಹೋಗುತ್ತಿತ್ತು. ಈತನದು ಮಾತ್ರ ಪ್ರತಿಯೊಂದು ಅಕ್ಷರವೂ ಕಿವಿಯಲ್ಲಿ ಬಂದು ಕೂರುತ್ತಿತ್ತು. ಮಂಗಳೂರು, ಗೋವೆ, ಕೇರಳದ ಅದೆಷ್ಟೋ ಮನೆಗಳಲ್ಲಿ ಈ ದನಿ ಮನೆಯವರದ್ದೇ ಎಂಬಂತೆ ಇರುವುದಕ್ಕೆ ಇದೂ ಒಂದು ಕಾರಣ ಇರಬೇಕು. ಇದನ್ನು ಕಂಟ್ರಿ ಸಂಗೀತ ಅನ್ನುತ್ತಾರೆ, ಅವರ ಕಡೆಯ ಹಳ್ಳಿಗಾಡಿನ ಹಾಡು. ಒಬ್ಬ ಮನುಷ್ಯ, ಅವನ ಒಂದು ಸಂಕಟ, ದಿನಬಳಕೆಯ ಮಾತು, ಅಷ್ಟೇ. ಹಾಗೆಂದು ಆ ಹನ್ನೆರಡೂ ಚಿನ್ನ ಎಂದು ನಾನು ಹೇಳಲಾರೆ. ಪೋಲ್ಕಾ ಕುಣಿತದ್ದೊಂದು ಉಂಟು, ಅದು ಬಂದಾಗ ನಾನು ಎದ್ದು ಒಲೆಯ ಹತ್ತಿರ ಹೋಗುತ್ತಿದ್ದೆ. ಕೆಲವು ಕಡೆ ಹಿಂದಿನಿಂದ ಹಾಡುವ ಮೇಳದವರು ಪಾಕ ಸ್ವಲ್ಪ ಹೆಚ್ಚೇ ಏರಿಸಿದ್ದಾರೆ. ಆದರೆ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಕ್ರಿಸ್ಮಸ್ ಕಾರ್ಡಿನ ಮೇಲೆ ಹಾಡೊಂದಿದೆ. ಆ ಕಾರ್ಡು ನೋಡಿದವನಿಗೆ ತಮ್ಮಿಬ್ಬರ ಮೊದಲ ಕ್ರಿಸ್ಮಸ್ ನೆನಪಾಗುವುದು. ಅದು ಬಂದಾಗ ಬಾಯಮ್ಮ ಮಾತು ನಿಲ್ಲಿಸುತ್ತಿದ್ದರು, ನಾವೂ ನಿಲ್ಲಿಸುತ್ತಿದ್ದೆವು.

ಈ ಹಾಡುಗಾರ ಮೊದಲಿನಿಂದಲೂ ಹೀಗೆ ಮೆಲ್ಲಗೆ ಹಾಡಿದವನಲ್ಲವಂತೆ. 1953ರ ಸುಮಾರಿಗೆ ಹೆಸರು ತಂದುಕೊಟ್ಟ ಹಾಡುಗಳಲ್ಲಿ ಗಂಟಲು ಬಿಟ್ಟೇ ಹಾಡಿದ್ದಾನೆ. ರೇಡಿಯೊದಲ್ಲಿ ಉದ್ಘೋಷಕನಾಗಿದ್ದವನು, ಮೈಕಿನ ಗುಣ ಗೊತ್ತಿದ್ದವನು. 1957ರಲ್ಲಿ ‘ಫೋರ್ ವಾಲ್ಸ್’ ಎಂಬ ಹಾಡಿಗೆ ದನಿಯನ್ನು ಇಳಿಸಿ, ಬಾಯಿಯನ್ನು ಮೈಕಿನ ಹತ್ತಿರಕ್ಕೆ ತಂದ. ಮುದ್ರಣದ ಹೊಣೆ ಹೊತ್ತವರು ಚೆಟ್ ಅಟ್ಕಿನ್ಸ್, ತಾವೇ ದೊಡ್ಡ ಗಿಟಾರ್ ವಾದಕರು. ಅಲ್ಲಿಂದ ಮುಂದೆ ಅವನ ಹಾಡೆಂದರೆ ಪಕ್ಕದಲ್ಲಿ ಕೂತು ಹೇಳಿದ ಮಾತಿನ ಹಾಗೆ.

ಇನ್ನೊಂದು ಹಾಡಿನ ಕತೆ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಕತೆ ಅದರೊಳಗೇ ಉಂಟು. ‘ಹಿ ವಿಲ್ ಹ್ಯಾವ್ ಟು ಗೋ’ ಎಂಬುದು ಜೋ ಅಲಿಸನ್ ಮತ್ತು ಆಡ್ರಿ ಅಲಿಸನ್ ಎಂಬ ಗಂಡಹೆಂಡತಿ ಸೇರಿ ಬರೆದದ್ದು. ಆಡ್ರಿಯವರ ದನಿ ಬಹಳ ಮೆದುವಂತೆ. ಫೋನಿನಲ್ಲಿ ಮಾತಾಡಿದರೆ ಗಂಡನಿಗೆ ಕೇಳಿಸುತ್ತಿರಲಿಲ್ಲ, ಬಾಯಿಯನ್ನು ಹತ್ತಿರ ತಾ ಎಂದು ಆತ ಹೇಳಬೇಕಾಗುತ್ತಿತ್ತು. ನಮ್ಮ ನಿಮ್ಮ ಮನೆಯಲ್ಲೂ ನಡೆಯುವ ಮಾತಲ್ಲವೇ ಇದು? ಅವರು ಅದನ್ನೇ ಹಾಡಿನ ಬಾಗಿಲು ಮಾಡಿಕೊಂಡರು. ಗದ್ದಲದ ಜಾಗದಿಂದ ಒಬ್ಬ ಗಂಡಸು ಫೋನು ಮಾಡಿದ್ದಾನೆ. ಅತ್ತ ಕಡೆ ಅವಳ ಹತ್ತಿರ ಇನ್ನೊಬ್ಬನಿದ್ದಾನೆ. ಇವನು ಅವಳನ್ನು ಹತ್ತಿರ ಬರಲು ಕೇಳುತ್ತಾನೆ, ತನ್ನ ಕಡೆಯ ಸಂಗೀತ ತಗ್ಗಿಸಲು ಹೇಳುತ್ತೇನೆ ಎನ್ನುತ್ತಾನೆ. ಅವಳು ಏನು ಉತ್ತರ ಕೊಟ್ಟಳು ಎಂಬುದು ಹಾಡಿನಲ್ಲಿ ಇಲ್ಲ.

ಈ ಹಾಡನ್ನು ಮೊದಲು ಬೇರೊಬ್ಬ ಗಾಯಕ ಹಾಡಿದ್ದ, ಅದು ಹೆಚ್ಚು ದೂರ ಹೋಗಲಿಲ್ಲ. ಜಿಮ್ ರೀವ್ಸ್ ನ್ಯಾಶ್‌ವಿಲ್ ಊರಿನಲ್ಲಿ 1959ರ ಅಕ್ಟೋಬರ್ 15ರಂದು ಇದನ್ನು ಮುದ್ರಿಸಿದ. ತಟ್ಟೆಯ ಹಿಂಬದಿಗೆ ತುಂಬಿಸಲೆಂದು ಇಟ್ಟ ಹಾಡು, 1960ರಲ್ಲಿ ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಹದಿನಾಲ್ಕು ವಾರ ಮೊದಲ ಸ್ಥಾನದಲ್ಲಿ ಕೂತಿತು. ಪಿಯಾನೊ ನಾಲ್ಕು ಹನಿ, ತಂತಿ ವಾದ್ಯ ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲ ದನಿ. ಕೇಳುವವಳು ತಾನೇ ಆ ಫೋನು ಹಿಡಿದಿದ್ದೇನೆ ಅಂದುಕೊಳ್ಳಬೇಕು, ಹಾಡು ಬರೆದದ್ದೇ ಹಾಗೆ. ಇದನ್ನು ದೂರದಲ್ಲಿ ನಿಂತು ಎದೆಯುಬ್ಬಿಸಿ ಹಾಡಿದರೆ ಮಾತೆಲ್ಲ ಸುಳ್ಳಾಗುತ್ತದೆ. ಹಾಡು ಬರೆಯುವುದು ಒಂದು ಕೆಲಸ, ಅದನ್ನು ಮುದ್ರಿಸುವುದು ಯಂತ್ರದವರ ಕೆಲಸ ಎಂದು ನಾನು ತಿಳಿದಿದ್ದೆ. ಎರಡೂ ಒಂದೇ ಕೆಲಸ ಎಂದು ನನಗೆ ಗೊತ್ತಾದದ್ದು ನಮ್ಮ ಉಗ್ರಾಣದಲ್ಲಿ, ಅಕ್ಕಿಮುಡಿಗಳ ನಡುವೆ.

ಅದು ಹೇಗೆಂದರೆ, ನಮ್ಮವರು ಬಂದರಿನಲ್ಲಿ ಹಡಗಿನ ಸರಕಿನ ಲೆಕ್ಕ ಬರೆಯುತ್ತಿದ್ದರು. 1975ರಲ್ಲಿ ಪಣಂಬೂರಿನ ಹೊಸ ಬಂದರಿನ ಉದ್ಘಾಟನೆಯಾದ ಮೇಲೆ ದೊಡ್ಡ ಕೆಲಸವೆಲ್ಲ ಅತ್ತ ಸರಿಯಿತು. ಹಳೆ ಬಂದರಿಗೆ ಉಳಿದದ್ದು ಮಂಜಿಗಳು ಮತ್ತು ಮೀನಿನ ಬೋಟುಗಳು. ಸಂಬಳ ಸಾಲದೆ 1979ರಲ್ಲಿ ಬಹರೈನಿಗೆ ಹೋದರು. ಆಗ ಮನೆಮನೆಗೆ ಫೋನು ಎಲ್ಲಿತ್ತು? ಕಾಗದ ಬರೆಯುವುದು, ಇಲ್ಲವೆ ಕ್ಯಾಸೆಟ್ಟು ತುಂಬಿಸಿ ಬೊಂಬಾಯಿ ಮಾರ್ಗವಾಗಿ ಹೋಗುವವರ ಕೈಯಲ್ಲಿ ಕಳಿಸುವುದು. ಗಲ್ಫಿಗೆ ಗಂಡನನ್ನು ಕಳಿಸಿದ ನಮ್ಮ ಕರಾವಳಿಯ ಹೆಂಗಸರಿಗೆ ಈ ಮಾತಾಡುವ ಕಾಗದದ ನೆನಪು ಇದ್ದೇ ಇರುತ್ತದೆ. ಮೊದಲ ರಜೆಯಲ್ಲಿ ಅವರು ತಂದ ನ್ಯಾಶನಲ್ ಪ್ಯಾನಸಾನಿಕ್ ಟು-ಇನ್-ಒನ್ ಮೇಜಿನ ಮೇಲೆ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿತ್ತು.

ಮೊದಲ ಕ್ಯಾಸೆಟ್ಟು ತುಂಬಿಸಲು ನಾನು ಇಸ್ತ್ರಿ ಸೀರೆ ಉಟ್ಟುಕೊಂಡೆ. ನಗಬೇಡಿ. ನಡುಮನೆಯಲ್ಲಿ ನಿಂತು, ಯಂತ್ರವನ್ನು ಆ ಮೂಲೆಯಲ್ಲಿಟ್ಟು, ಬರೆದುಕೊಂಡ ಒಕ್ಕಣೆಯನ್ನು ಶಾಲೆಯ ಭಾಷಣದ ಹಾಗೆ ಓದಿದೆ. ಮೇಲೆ ಫ್ಯಾನು, ಕೆಳಗೆ ಲಾರಿಗೆ ಮೂಟೆ ಹೇರುವವರ ಕೂಗು, ದಕ್ಕೆಯಿಂದ ಬೋಟಿನ ಟುಕುಟುಕು. ಒಂದು ತಿಂಗಳ ಮೇಲೆ ಅವರ ಕಾಗದ ಬಂತು: “ಬಂದರಿನ ಎಲ್ಲ ಬೋಟುಗಳ ಕ್ಷೇಮ ಸಮಾಚಾರ ತಿಳಿಯಿತು. ನಿನ್ನದೊಂದು ತಿಳಿಯಲಿಲ್ಲ.”

ಅಳು ಬಂತು, ಸಿಟ್ಟೂ ಬಂತು. ಬಾಯಮ್ಮನ ಹತ್ತಿರ ಹೇಳಿದೆ. ಅವರು ಕ್ಯಾಸೆಟ್ಟಿನ ಕತೆ ಪೂರ್ತಿ ಕೇಳಿ, “ಎಂತ ಮಾರಾಯ್ತಿ, ನೀನು ಗಂಡನ ಹತ್ತಿರ ಮಾತಾಡಿದ್ದಾ, ನೆಹರೂ ಮೈದಾನದಲ್ಲಿ ಮಾತಾಡಿದ್ದಾ? ನನ್ನ ಜಿಮ್ ಬೊಬ್ಬೆ ಹಾಕುವುದು ನೀನು ಯಾವಾಗಲಾದರೂ ಕೇಳಿದ್ದುಂಟಾ?” ಅಂದರು. ಆಮೇಲೆ ನಮ್ಮ ಮನೆಗೆ ಬಂದು ಸುತ್ತ ನೋಡಿ, ಯಂತ್ರವನ್ನು ಎತ್ತಿಕೊಂಡು ಸೀದಾ ಉಗ್ರಾಣಕ್ಕೆ ನಡೆದರು. ಕಿಟಕಿಯಿಲ್ಲದ ಚಿಕ್ಕ ಕೋಣೆ. ಗೋಡೆಗೆ ಒರಗಿ ಹುಲ್ಲಿನ ಅಕ್ಕಿಮುಡಿ ನಾಲ್ಕು, ಹಾಸಿಗೆ ಸುರುಳಿ ಎರಡು. ನನ್ನನ್ನು ನೆಲದಲ್ಲಿ ಕೂರಿಸಿ, ಯಂತ್ರದಿಂದ ಬಾಯಿಗೆ ಒಂದು ಗೇಣು ಅಳೆದರು. “ಎದುರು ಬೇಡ, ಸ್ವಲ್ಪ ಓರೆ ಕೂತುಕೋ. ಈಗ ಮಗುವಿಗೆ ನಿದ್ದೆ ಬಂದಿದೆ, ಅವರು ಪಕ್ಕದಲ್ಲಿದ್ದಾರೆ ಅಂತ ಗ್ರಹಿಸಿ ಮಾತಾಡು,” ಎಂದು ಬಾಗಿಲು ಎಳೆದುಕೊಂಡು ಹೋದರು.

ಇದರ ವಿಜ್ಞಾನ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬಾಯಿಂದ ಮೈಕಿಗೆ ಇರುವ ದೂರ ಅರ್ಧವಾದರೆ ನೇರವಾಗಿ ತಲುಪುವ ದನಿಯ ಒತ್ತಡ ಎರಡು ಪಟ್ಟಾಗುತ್ತದೆ, ಫ್ಯಾನಿನ ಸದ್ದು ಮತ್ತು ಗೋಡೆಗೆ ಬಡಿದು ಬರುವ ಮಾರ್ದನಿ ಮಾತ್ರ ಇದ್ದಷ್ಟೇ ಇರುತ್ತವೆ. ಆ ಕಾಲದ ಟು-ಇನ್-ಒನ್‌ಗಳಲ್ಲಿ ದನಿಯ ಮಟ್ಟವನ್ನು ತಾನಾಗಿ ಹೊಂದಿಸುವ ಏರ್ಪಾಡು ಬೇರೆ. ದೂರದಿಂದ ಮಾತಾಡಿದರೆ ಯಂತ್ರ ದನಿ ಸಾಲದೆಂದು ಎಲ್ಲವನ್ನೂ ಹಿಗ್ಗಿಸುತ್ತದೆ, ಬೋಟನ್ನೂ ಸೇರಿಸಿ. ಹುಲ್ಲು, ಹತ್ತಿ, ಕಂಬಳಿಯಂಥ ಮೆತ್ತನೆಯ ವಸ್ತು ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಓರೆಯಾಗಿ ಕೂತರೆ ‘ಪ’, ‘ಫ’, ‘ಬ’ ಹೇಳುವಾಗ ಬಾಯಿಂದ ಹೊರಡುವ ಗಾಳಿ ಮೈಕಿಗೆ ಬಡಿಯುವುದಿಲ್ಲ. ಸ್ಟುಡಿಯೋದ ಟೇಪು ಒಂದು ಸೆಕೆಂಡಿಗೆ 38 ಸೆಂಟಿಮೀಟರ್ ಓಡಿದರೆ, ನಮ್ಮ ಕ್ಯಾಸೆಟ್ಟಿನದು 4.76 ಸೆಂಟಿಮೀಟರ್, ಅಗಲ 4 ಮಿಲಿಮೀಟರೂ ಇಲ್ಲ. ಅಂಥ ಬಡ ಟೇಪಿನ ಮೇಲೂ ಆ ದಿನ ನನ್ನ ದನಿ ಎಷ್ಟು ಚೆನ್ನಾಗಿ ಕೂತಿತೆಂದರೆ, ತಿರುಗಿಸಿ ಹಾಕಿ ಕೇಳಿದಾಗ ನನಗೇ ನಾಚಿಕೆಯಾಯಿತು. ಈಗ ನೀವು ಮೊಬೈಲಿನಲ್ಲಿ ಅಜ್ಜಿಯ ಶೋಭಾನೆಯನ್ನೋ ಅತ್ತೆಯ ಜೋಗುಳವನ್ನೋ ಮುದ್ರಿಸುವುದಿದ್ದರೆ ಜಗಲಿಯಲ್ಲಿ ಕೂರಿಸಬೇಡಿ. ಬಟ್ಟೆ ಕಪಾಟಿನ ಎದುರು ಕೂರಿಸಿ, ಫ್ಯಾನು ಆರಿಸಿ, ಒಂದು ಗೇಣು ಅಳೆಯಿರಿ.

ದನಿ ಸರಿಯಾದ ಮೇಲೆ ಆಸೆ ಬೆಳೆಯಿತು. ಹಾಡು ಕಟ್ಟಿ ಕಳಿಸೋಣ ಅಂತ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದಿತ್ತಲ್ಲ, ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ್ದು. ಕನ್ನಡ ಭಾವಗೀತೆ ಕ್ಯಾಸೆಟ್ಟಿನ ಮೂಲಕ ಮನೆಯೊಳಗೆ ಬಂದದ್ದು ಅದರಿಂದ. ಅದನ್ನು ಕೇಳಿ ಕೇಳಿ ನನ್ನ ತಲೆಯಲ್ಲೂ ಚಂದಿರ, ವಿರಹ, ಸಾಗರ, ಅಲೆ ಎಲ್ಲ ಓಡಾಡತೊಡಗಿದ್ದವು. ನಾಲ್ಕು ನುಡಿ ಬರೆದು ಬಾಯಮ್ಮನಿಗೆ ಹಾಡಿ ತೋರಿಸಿದೆ. ಅವರು ನೆವ್ರಿಯ ಅಂಚು ಮಡಿಸುತ್ತಾ, “ಚಂದ ಉಂಟು. ಆದರೆ ಇದರಲ್ಲಿ ನೀನು ಎಲ್ಲಿದ್ದಿ?” ಎಂದು ಕೇಳಿದರು.

ಭಾವಗೀತೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಅದು ಕವಿ ಮೊದಲು ಓದಲೆಂದು ಬರೆದದ್ದು, ಆಮೇಲೆ ರಾಗ ಸಿಕ್ಕಿದ್ದು. ಅದರ ಗತ್ತೇ ಬೇರೆ. ಬಾಯಮ್ಮನ ಕಿವಿ ಪಳಗಿದ್ದು ಬಾಯಿಗಾಗಿಯೇ ಹುಟ್ಟಿದ ಹಾಡುಗಳಲ್ಲಿ. ಅವರಿಗೆ ಜಿಮ್ ರೀವ್ಸ್ ಹೇಗೋ ನಮ್ಮ ಮಂಗಳೂರಿನ ವಿಲ್ಫಿ ರೆಬಿಂಬಸ್ ಕೂಡ ಹಾಗೆ. ಕೊಂಕಣಿಯಲ್ಲಿ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದವರು, ‘ಕೊಂಕಣ್ ಕೋಗುಳ್’ ಎಂದು ಜನರಿಂದ ಕರೆಸಿಕೊಂಡವರು, 2010ರಲ್ಲಿ ತೀರಿಕೊಂಡರು. ಅವರ ಹಾಡಿನ ಮಾತು ಅಂಗಳದ ಮಾತು, ಬಾಯಮ್ಮ ಅದನ್ನು ಗುನುಗುತ್ತಲೇ ಮೀನು ಕೊಯ್ಯುತ್ತಿದ್ದರು.

ಚಂದಿರನನ್ನು ತೆಗೆದುಹಾಕಿದೆ. ಮಳೆಗೆ ಮಾಳಿಗೆಯ ಹಂಚು ಎರಡು ಕಡೆ ಸೋರುತ್ತಿತ್ತು, ಒಂದಕ್ಕೆ ಚರಿಗೆ ಇಟ್ಟಿದ್ದೆ, ಇನ್ನೊಂದಕ್ಕೆ ಹಿಟ್ಟಿನ ಬೋಗುಣಿ. ಎರಡೂ ಬೇರೆ ಬೇರೆ ಸ್ವರದಲ್ಲಿ ಟಣ್ ಟಣ್ ಅನ್ನುವುದು, ಮಗನ ಹಲ್ಲು ಬಿದ್ದು ‘ಸ’ ಹೇಳಲು ಬಾರದಿರುವುದು, ಸಾಹೇಬರ ಗೋದಾಮಿನ ಮೆಣಸಿಗೆ ಸೀನಿದಾಗಲೆಲ್ಲ ಮಗು “ಅಪ್ಪ ನೆನೆಸಿಕೊಂಡರು” ಅನ್ನುವುದು. ಇಷ್ಟೇ ಹಾಡು. ಉಗ್ರಾಣದಲ್ಲಿ ಕೂತು, ಒಂದು ಗೇಣು ದೂರದಿಂದ, ಯಾವ ವಾದ್ಯವೂ ಇಲ್ಲದೆ ಹಾಡಿ ಕಳಿಸಿದೆ. ಅದು 1982ರ ಮಳೆಗಾಲ.

ಆ ಹಾಡು ಈಗ ಇಲ್ಲ. ಏಕೆಂದರೆ ನಮ್ಮದು ಎರಡೇ ಎರಡು ಕ್ಯಾಸೆಟ್ಟಿನ ಸಂಸಾರ. ನಾನು ಕಳಿಸಿದ್ದನ್ನು ಅವರು ಕೇಳಿ, ಅದರ ಮೇಲೆಯೇ ತಮ್ಮ ಮಾತು ತುಂಬಿಸಿ ಕಳಿಸುವರು. ನಾನು ಅದನ್ನು ಹತ್ತು ಸಲ ಕೇಳಿ, ಅದರ ಮೇಲೆ ನನ್ನದನ್ನು ತುಂಬಿಸಿ ಕಳಿಸುವೆನು. ಸ್ಲೇಟು ಒರೆಸಿ ಬರೆದ ಹಾಗೆ. ಏಳು ವರ್ಷ ಹೀಗೇ ನಡೆಯಿತು. ಹೊಸ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲವೇ ಎಂದರೆ ಇತ್ತು. ಇಟ್ಟುಕೊಳ್ಳಬೇಕು ಎಂದು ತೋಚಲಿಲ್ಲ, ಮನುಷ್ಯರೇ ಇರುವಾಗ ದನಿಯನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ? 1986ರಲ್ಲಿ ಅವರು ಊರಿಗೆ ಬಂದುಬಿಟ್ಟರು. ಆ ಎರಡು ಕ್ಯಾಸೆಟ್ಟುಗಳ ಮೇಲೆ ಮಗ ಸಿನಿಮಾ ಹಾಡು ತುಂಬಿಸಿಕೊಂಡ. 2009ರಲ್ಲಿ ಅವರು ಹೋದರು. ವರ್ಷಾಂತಿಕ ಕಳೆದ ಮೇಲೆ ಒಂದು ಮಧ್ಯಾಹ್ನ ಕೂತು ಯೋಚಿಸಿದರೆ, ಮನೆಯಲ್ಲಿ ಅವರ ಫೋಟೋ ಐವತ್ತಿದೆ, ದನಿ ಒಂದು ಕ್ಷಣದ್ದೂ ಇಲ್ಲ. ಬೈಯುವಾಗ ಅವರ ದನಿ ಹೇಗೆ ಏರುತ್ತಿತ್ತು ಎಂದು ನೆನೆದುಕೊಳ್ಳಲು ಹೋದರೆ ನನ್ನದೇ ದನಿ ಬರುತ್ತಿತ್ತು.

ಬಾಯಮ್ಮನೂ ತೀರಿಕೊಂಡರು. 2019ರ ನವೆಂಬರಿನಲ್ಲಿ ಅವರ ಮಗಳು ಮನೆ ಖಾಲಿ ಮಾಡುವಾಗ ಸಿಕ್ಕಿತೆಂದು ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಒಳಗೆ ಒಂದು ಕ್ಯಾಸೆಟ್ಟು. ಚೀಟಿಯ ಮೇಲೆ ನಮ್ಮವರ ಅಕ್ಷರ: ‘ಜಿಮ್ ರೀವ್ಸ್, ಕ್ರಿಸ್ಮಸ್, ಬಾಯಮ್ಮನಿಗೆ.’

ಆಗ ನೆನಪಾಯಿತು. ಅದೇ 1982ರಲ್ಲಿ ಬಾಯಮ್ಮನ ತಟ್ಟೆ ಸವೆದು, ಮುಳ್ಳು ಒಂದೇ ಗೆರೆಯಲ್ಲಿ ಸುತ್ತತೊಡಗಿತ್ತು. ನಾನು ಅದನ್ನು ಬರೆದಿದ್ದೆ. ನಮ್ಮವರು ಕೋಣೆಯ ಜೊತೆಗಾರ ಗೋವೆಯವರ ಬಳಿ ಇದ್ದ ರೆಕಾರ್ಡಿನಿಂದ ಹನ್ನೆರಡೂ ಹಾಡನ್ನು 60 ನಿಮಿಷದ ಕ್ಯಾಸೆಟ್ಟಿಗೆ ಇಳಿಸಿ ಕಳಿಸಿದ್ದರು. ಬದಿಗೆ ಆರು ಹಾಡಾದರೆ ಕೊನೆಗೆ ಎಷ್ಟೋ ಟೇಪು ಖಾಲಿ ಉಳಿಯುತ್ತದೆ. ಎರಡನೆಯ ಬದಿಯ ಆ ಖಾಲಿಯಲ್ಲಿ ಬಾಯಮ್ಮನಿಗೆ ಹಬ್ಬದ ಶುಭಾಶಯ ಹೇಳಿದ್ದರು. ಆ ವರ್ಷ ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಒಟ್ಟಿಗೆ ಕೇಳಿ ನಕ್ಕಿದ್ದೆವು. ಅಷ್ಟೇ, ಮರೆತೇ ಹೋಗಿತ್ತು. ಕ್ರಿಸ್ಮಸ್ ಹಾಡಿನ ಮೇಲೆ ಬೇರೇನನ್ನಾದರೂ ತುಂಬಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಉಳಿಯಿತು.

ಜಿಮ್ ರೀವ್ಸನದೂ ಹೀಗೇ ಆಯಿತು. 1964ರ ಜುಲೈ 31ರಂದು ವಿಮಾನ ಬಿದ್ದು ಸತ್ತಾಗ ಅವನಿಗೆ ನಲವತ್ತೇ ವರ್ಷ. ಮುದ್ರಿಸಿಟ್ಟ ಟೇಪುಗಳಿಂದ ಆಮೇಲೂ ವರ್ಷಗಟ್ಟಲೆ ಹೊಸ ತಟ್ಟೆಗಳು ಬಂದವು. 1966ರಲ್ಲಿ, ಸತ್ತು ಎರಡು ವರ್ಷವಾದ ಮೇಲೆ, ಅವನ ಹಾಡೊಂದು ಇಂಗ್ಲೆಂಡಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ನಮ್ಮ ಕ್ಯಾಸೆಟ್ಟು ತಕ್ಷಣ ಓಡಲಿಲ್ಲ. ಟೇಪನ್ನು ಯಂತ್ರದ ತಲೆಗೆ ಒತ್ತಿ ಹಿಡಿಯುವ ಸಣ್ಣ ಮೆತ್ತೆಯೊಂದು ಒಳಗೆ ಇರುತ್ತದೆ, ಅದು ಅಂಟು ಒಣಗಿ ಬಿದ್ದುಹೋಗಿತ್ತು. ಬೇರೆ ಹಳೆಯ ಕ್ಯಾಸೆಟ್ಟಿನ ತಿರುಪು ಬಿಚ್ಚಿ, ಅದರ ಗೂಡಿನೊಳಗೆ ಈ ಸುರುಳಿಗಳನ್ನು ಕೂರಿಸಿದ್ದು ನನ್ನ ಮೊಮ್ಮಗ. ಬಾಯಮ್ಮನ ಮಗಳೂ ನಾನೂ ಉಸಿರು ಬಿಗಿಹಿಡಿದು ಕೂತಿದ್ದೆವು. ಹಾಡುಗಳು ಒಂದೊಂದಾಗಿ ಮುಗಿದವು, ಪೋಲ್ಕಾ ಕೂಡ. ಬರೀ ‘ಸ್ಸ್’ ಎಂಬ ಸದ್ದು. ಆಮೇಲೆ ಕಿವಿಯ ಪಕ್ಕದಲ್ಲೇ ಯಾರೋ ಗಂಟಲು ಸರಿಪಡಿಸಿಕೊಂಡ ಹಾಗೆ.

ಜೊತೆಗಾರ ರಾತ್ರಿಪಾಳಿ ಮುಗಿಸಿ ಮಲಗಿದ್ದನಂತೆ, ಎಬ್ಬಿಸಬಾರದೆಂದು ಇವರು ಕಂಬಳಿ ಮುಚ್ಚಿಕೊಂಡು ಪಿಸುದನಿಯಲ್ಲಿ ಮಾತಾಡಿದ್ದಾರೆ. ಹಾಗೆಂದು ಅದರಲ್ಲೇ ಹೇಳುತ್ತಾರೆ. ಯಾವ ಸ್ಟುಡಿಯೋ ಬೇಕು? ಒಂದು ಪದ ಮುಗಿದು ಇನ್ನೊಂದು ಹುಟ್ಟುವ ಮೊದಲು ಎಳೆದುಕೊಂಡ ಉಸಿರು ಕೂಡ ಅದರಲ್ಲಿದೆ. ಎರಡು ನಿಮಿಷವೂ ಇಲ್ಲ. ಬಾಯಮ್ಮನಿಗೆ ಹಬ್ಬದ ಶುಭಾಶಯ, ತನ್ನ ಪಾಲಿನ ಕಿಡಿಯೊ ಎತ್ತಿಡಬೇಕೆಂಬ ಬೇಡಿಕೆ. ಕೊನೆಗೆ, “ಮತ್ತೆ ಬಾಯಮ್ಮ, ನಿಮ್ಮ ಶಿಷ್ಯೆಯ ಹಾಡು ಬಂತು. ನಾಲ್ಕು ಸಲ ಕೇಳಿದೆ. ಹಂಚಿಗೆ ದುಡ್ಡು ಕಳಿಸಿದ್ದೇನೆ, ಮಳೆ ಹಿಡಿಯುವ ಮೊದಲು ಮಾಡಿಸಲಿಕ್ಕೆ ಹೇಳಿ. ಆ ಬೋಗುಣಿಯ ಸ್ವರ ಮಾತ್ರ ಚೆನ್ನಾಗಿತ್ತು.”

ಮೊಮ್ಮಗ ಅದನ್ನು ಕಂಪ್ಯೂಟರಿಗೆ ಏರಿಸಿ, ಹಿಂದಿನ ಆ ‘ಸ್ಸ್’ ಸದ್ದನ್ನು ಒರೆಸಿ ಶುಚಿ ಮಾಡಿ ತಂದ. ಕೇಳಿದರೆ ಮಾತು ಕನ್ನಡಿಯ ಹಾಗೆ ಇತ್ತು, ಆದರೆ ಉಸಿರು ಇರಲಿಲ್ಲ. ಟೇಪಿನ ಆ ಸದ್ದು ಇರುವ ಎತ್ತರದಲ್ಲೇ ನಮ್ಮ ಉಸಿರೂ ‘ಸ’, ‘ಶ’ಗಳ ಅಂಚೂ ಇರುತ್ತದಂತೆ, ಒಂದನ್ನು ಉಜ್ಜಿದರೆ ಇನ್ನೊಂದೂ ಹೋಗುತ್ತದೆ. ಇದ್ದ ಹಾಗೇ ಇರಲಿ, ಮೊದಲಿನದ್ದನ್ನೇ ಕೊಡು ಎಂದೆ. ಪಾಪ, ಅವನಿಗೆ ಎರಡು ದಿನದ ಕೆಲಸ ದಂಡವಾಯಿತು.

ಕ್ಯಾಸೆಟ್ಟು ಬಾಯಮ್ಮನ ಮಗಳದ್ದು. “ನೀವೇ ಇಟ್ಟುಕೊಳ್ಳಿ ಆಂಟಿ” ಎಂದಳು, ನಾನು ಒಪ್ಪಲಿಲ್ಲ. ಕ್ರಿಸ್ಮಸ್ ಬಂದರೆ ಅವಳ ಮನೆಯಲ್ಲಿ ಅದು ಬೇಕಲ್ಲ. ಕೊಡುವ ಮೊದಲು ನೋಡಿದರೆ ಬೆನ್ನಿನ ಎರಡು ಪ್ಲಾಸ್ಟಿಕ್ ಕಿವಿಗಳು ಹಾಗೇ ಇದ್ದವು. ಅವಿದ್ದರೆ ಯಾರು ಬೇಕಾದರೂ ಅದರ ಮೇಲೆ ಏನು ಬೇಕಾದರೂ ತುಂಬಿಸಬಹುದು. ತಲೆಯಿಂದ ಹೇರ್‌ಪಿನ್ ತೆಗೆದು ಎರಡನ್ನೂ ಮುರಿದು ಅವಳ ಕೈಗೆ ಕೊಟ್ಟೆ.